ಡೀಸೆಲ್‌ಗೆ ನಾನು ಶಿಸ್ತು ಕಲಿಸಿದ್ದು

ಒಂದು ನಾಯಿಯನ್ನು ದಿನಕ್ಕೊಮ್ಮೆ ಸಮುದ್ರದ ದಂಡೆಯಲ್ಲಿ ತಿರುಗಾಡಿಸಿಕೊಂಡು ಬರುವುದರಲ್ಲಿ ಏನು ಮಹಾ ಇದೆ? ಇಪ್ಪತ್ತು ವರ್ಷ ಹೈಸ್ಕೂಲು ಹುಡುಗರ ತಲೆಗೆ ಬೀಜಗಣಿತ ತುಂಬಿದವನಿಗೆ ನಾಲ್ಕು ಕಾಲಿನ ಪ್ರಾಣಿ ಯಾವ ಲೆಕ್ಕ? ನಾನು ಹಾಗೆಂದೇ ತಿಳಿದಿದ್ದೆ. ತಿಳಿದದ್ದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ. ಅದಕ್ಕೆ ಸಾಕ್ಷಿಯಾಗಿ ನನ್ನ ಹೆಂಡತಿ ಶೈಲಾ ಇದ್ದಾಳೆ. ಬಂದ ನೆಂಟರಿಗೆಲ್ಲ ಚಹದ ಜೊತೆ ಈ ಸಾಕ್ಷಿಯನ್ನೂ ಕೊಡುತ್ತಾಳೆ.

ನಾವು ರಾಮನಗುಳಿ ಕಡೆಯವರು. ಅಂಕೋಲೆಯಲ್ಲಿ ಮಾಸ್ತರಿಕೆ ಸಿಕ್ಕಿದ ಮೇಲೆ ಕೇಣಿಯಲ್ಲಿ ಸಮುದ್ರಕ್ಕೆ ಹತ್ತಿರದ ಒಂದು ಮನೆಯನ್ನು ಬಾಡಿಗೆಗೆ ಹಿಡಿದೆವು. ಊರು ತುಂಬ ಮೀನು, ಮನೆಯೊಳಗೆ ಸಾಂಬಾರು ಮತ್ತು ತಂಬುಳಿ. ಆದರೂ ಹದಿನೈದು ವರ್ಷಗಳಲ್ಲಿ ಕೇಣಿಗೂ ನಮಗೂ ಒಂದು ದಿನವೂ ತಕರಾರು ಬಂದಿರಲಿಲ್ಲ. ಅದಕ್ಕೆ ಮುಖ್ಯ ಕಾರಣ ಪಕ್ಕದ ಮನೆಯ ವಿಠೋಬಣ್ಣ. ದೋಣಿಗಳ ಇಂಜಿನ್ ರಿಪೇರಿ ಮಾಡಿ ಮುದುಕರಾದ ಮನುಷ್ಯ. ಕೆಮ್ಮಿದರೂ ಇಂಜಿನ್ ಚಾಲೂ ಆದ ಹಾಗೆ ಕೇಳುತ್ತಿತ್ತು. ತಮ್ಮ ನಾಯಿಗೆ ಅವರು ಇಟ್ಟ ಹೆಸರು ಡೀಸೆಲ್. ಕಪ್ಪು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು ಬಿದ್ದದ್ದು. ಬೆಳಿಗ್ಗೆ ಬೆಳಕು ಹರಿಯುತ್ತಿದ್ದಂತೆ ಯಜಮಾನ ಮುಂದೆ, ನಾಯಿ ಹಿಂದೆ. ಕೆಲವು ದಿನ ನಾಯಿ ಮುಂದೆ, ಯಜಮಾನ ಹಿಂದೆ. ಹೀಗೆ ದಂಡೆಗುಂಟ ದಕ್ಷಿಣಕ್ಕೆ ಹೋಗಿ ಒಂದು ಗಂಟೆಯಲ್ಲಿ ಮರಳುತ್ತಿದ್ದರು. ಬೆಲ್ಟಿಲ್ಲ, ಸರಪಳಿಯಿಲ್ಲ, ಮಾತೂ ಇಲ್ಲ.

ಆ ವರ್ಷ ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೊರಟುಹೋಗಿತ್ತು. ಗೇರು ಮರಗಳು ಹೂ ಬಿಟ್ಟಿದ್ದವು. ಅಂಥ ಒಂದು ಬೆಳಿಗ್ಗೆ ವಿಠೋಬಣ್ಣ ಯಾರದೋ ದೋಣಿಯ ಇಂಜಿನ್ ನೋಡಲು ಹತ್ತಿ, ಒದ್ದೆ ಹಲಗೆಯ ಮೇಲೆ ಜಾರಿ, ಸೊಂಟದ ಕೀಲು ಮುರಿದುಕೊಂಡರು. ಮಂಗಳೂರಿಗೆ ಒಯ್ಯಲು ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲೆ ಮಲಗಿದ್ದಲ್ಲಿಂದಲೇ ನನ್ನನ್ನು ಕರೆದರು.

"ಬೇರಿಂಗ್ ಹೋಯ್ತು ಮಾಸ್ತರೆ. ಹೊಸದು ಹಾಕ್ತಾರಂತೆ. ಮೂರು ವಾರ ಬರೂಕೆ ಆಗೂದಿಲ್ಲ. ಡೀಸೆಲ್‌ಗೆ ಬೆಳಿಗ್ಗೆ ಒಂದು ಸುತ್ತು ಹಾಕ್ಸೂಕೆ ಆಗ್ತದಾ?"

"ಅಷ್ಟೇ ತಾನೆ? ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ!" ಎಂದೆ. ಡಾಕ್ಟರು ನನಗೂ ಸಕ್ಕರೆ ಕಾಯಿಲೆಯ ಹೆಸರು ಹೇಳಿ ದಿನಾ ನಡೆಯಬೇಕೆಂದು ಹೆದರಿಸಿದ್ದರು. ಸ್ವಾಮಿಕಾರ್ಯ, ಸ್ವಕಾರ್ಯ ಎರಡೂ ಆದಂತಾಯಿತು.

"ನೀವು ಯಂತಾ ಮಾಡೂದೂ ಬೇಡ. ಅದಕ್ಕೆ ದಾರಿ ಗೊತ್ತು. ಹಿಂದೆ ಹಿಂದೆ ಹೋದ್ರೆ ಸಾಕು. ಮತ್ತೆ ಮಾಸ್ತರೆ..." ಅವರು ನನ್ನ ಕೈ ಹಿಡಿದರು. "ದಾರಿ ಮಾತ್ರ ಬದ್ಲು ಮಾಡ್ಬೇಡಿ."

ನಾನು ತಲೆಯಾಡಿಸಿದೆ. ಅವರ ಹೆಂಡತಿ ಶಾಂತಕ್ಕ ಮನೆಗೆ ಬೀಗ ಹಾಕಿ, ಮಂಗಳೂರಿನಲ್ಲಿರುವ ಅಳಿಯನ ಮೊಬೈಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು ಗಾಡಿ ಹತ್ತಿದರು.

ಗಾಡಿ ಮರೆಯಾದ ಕೂಡಲೇ ಶೈಲಾ ಶುರು ಮಾಡಿದಳು. "ಎಂತಕ್ಕೆ ಬೇಕಾಗಿತ್ತು ಈ ಉಸಾಬರಿ? ನಾಯಿ ಕಂಡ್ರೆ ಮಾರು ದೂರ ಹೋಪ ಜನ ನಿಂಗ!"

"ಎಲ್ಲದಕ್ಕೂ ಒಂದು ಪದ್ಧತಿ ಇರ್ತು," ಎಂದೆ. ಅಂದೇ ಸಂಜೆ ಪೇಟೆಗೆ ಹೋಗಿ ಕೆಂಪು ಬಣ್ಣದ ಗಟ್ಟಿ ಬೆಲ್ಟು ತಂದೆ. ಶಾಲೆಯ ಲೈಬ್ರರಿಯಿಂದ ನಾಯಿ ಸಾಕಣೆಯ ಪುಸ್ತಕ ತಂದು ರಾತ್ರಿ ಊಟದೊಳಗೆ ಓದಿ ಮುಗಿಸಿದೆ. ನಾಯಿಗೆ ಸಣ್ಣ ಸಣ್ಣ ಆಜ್ಞೆಗಳನ್ನು ಗಟ್ಟಿ ಧ್ವನಿಯಲ್ಲಿ ಕೊಡಬೇಕು, ಬೆಲ್ಟಿನ ಹಿಡಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಳ್ಳಬೇಕು ಎಂದು ಅದರಲ್ಲಿ ಬರೆದಿತ್ತು. ಆ ಎರಡು ಸುತ್ತು ನನ್ನ ಜೀವನದಲ್ಲಿ ಏನೆಲ್ಲ ಮಾಡಲಿದೆಯೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ನಾವು ದಂಡೆಯ ಮೇಲಿದ್ದೆವು. ಸಣ್ಣಗೆ ಮಂಜು. ಕಾಲಡಿಯ ಮರಳು ತಣ್ಣಗೆ. ನಾನು ಬಿಳಿ ಕ್ಯಾನ್ವಾಸ್ ಬೂಟು, ಇಸ್ತ್ರಿ ಮಾಡಿದ ಅಂಗಿ. "ಸಿಟ್!" ಎಂದೆ. ಡೀಸೆಲ್ ನಿಂತೇ ಇತ್ತು. "ಸ್ಟೇ!" ಎಂದೆ. ಡೀಸೆಲ್ ಹೊರಟಿತು. ಅದಕ್ಕೆ ಗೊತ್ತಿದ್ದುದು ಮನೆಯ ಕೊಂಕಣಿ ಮತ್ತು ಬೀದಿಯ ಕನ್ನಡ. ಇಂಗ್ಲಿಷಿನಲ್ಲಿ ಅದು ನಮ್ಮ ಹತ್ತನೆಯ ಬಿ ವಿಭಾಗಕ್ಕಿಂತ ಹಿಂದಿತ್ತು.

ಮೊದಲು ನಡೆಯಿತು, ಆಮೇಲೆ ಓಡಿತು, ಆಮೇಲೆ ಹಾರಿತೆಂದೇ ಹೇಳಬೇಕು. ನಾನು ಹಿಂದಿನಿಂದ ಆಜ್ಞೆಗಳನ್ನು ಕೊಡುತ್ತ ತೇಲಿಕೊಂಡು ಹೋದೆ. ಸುಮಾರು ಒಂದು ಮೈಲಿ ದೂರದಲ್ಲಿ, ತೆಂಗಿನ ಮರಗಳ ಕೆಳಗೆ ನಾಲ್ಕಾರು ಮನೆಗಳಿವೆ. ಅದರಲ್ಲೊಂದು ಮನೆಯ ಅಂಗಳದಲ್ಲಿ ಬಲೆಯ ಮೇಲೆ ತಾರ್ಲೆ ಮೀನು ಹರಡಿ ಒಣಗಲು ಹಾಕಿದ್ದರು. ಡೀಸೆಲ್ ಬೇಲಿಯ ಕೆಳಗಿನಿಂದ ನುಸುಳಿತು. ಅದು ನುಸುಳಬಹುದು, ಅದರ ಎತ್ತರ ಎರಡು ಅಡಿ. ನಾನು ಬೇಲಿಯ ಮೂಲಕವೇ ಹೋದೆ. ಎರಡು ಸುತ್ತಿನ ಮಹಿಮೆ!

ಹೊಟ್ಟೆ ಅಡಿಯಾಗಿ ಬಿದ್ದೆ. ಏಳು ತಲೆಮಾರಿನಿಂದ ಮೀನು ಮುಟ್ಟದ ವಂಶದ ಕುಡಿ ಸಾವಿರ ತಾರ್ಲೆಗಳ ಹಾಸಿಗೆಯ ಮೇಲೆ ಮಲಗಿತ್ತು. ಒಂದು ಮೀನು ಕಿಸೆಯೊಳಗೂ ಹೋಗಿತ್ತು.

"ಅಯ್ಯಯ್ಯೋ, ನನ್ನ ತಾರ್ಲೆ!" ಎನ್ನುತ್ತ ಐವತ್ತೈದು ದಾಟಿದ ಹೆಂಗಸೊಬ್ಬರು ಕಸಬರಿಗೆ ಹಿಡಿದು ಓಡಿಬಂದರು. ನನ್ನನ್ನು ಕಂಡು ಕಸಬರಿಗೆ ಅರ್ಧಕ್ಕೇ ನಿಂತಿತು. "ಅರೇ, ಹೈಸ್ಕೂಲು ಮಾಸ್ತರಲ್ವಾ? ನೀವು ಮೀನು ತಿನ್ನೂದಿಲ್ಲ ಹೇಳ್ತಿದ್ರು!"

"ತಿನ್ನಲಿಕ್ಕಲ್ಲ, ಬಿದ್ದೆ," ಎಂದೆ. ಅದಕ್ಕಿಂತ ಗೌರವದ ಉತ್ತರ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಡೀಸೆಲ್ ಬಾಲವಲ್ಲ, ಮೈಯನ್ನೇ ಆಡಿಸುತ್ತಿತ್ತು. ಆ ಹೆಂಗಸು ತೆಂಗಿನ ಕರಟದಲ್ಲಿ ಎತ್ತಿಟ್ಟ ಬಂಗಡೆ ತಲೆಯೊಂದನ್ನು ಅದರ ಮುಂದಿಟ್ಟರು. ಮತ್ತೆ ನನ್ನ ಕಡೆ ನೋಡದೆ, ನಾಯಿಯನ್ನೇ ಕೇಳಿದರು: "ಏನಾ, ಇವತ್ತು ಹೊಸಬರ ಸಂಗಡ ಬಂದೆ? ಹಳಬ್ರು ಎಲ್ಲಿ?"

ನಾಯಿಗೆ ಕೇಳಿದ ಪ್ರಶ್ನೆಗೆ ಮಾಸ್ತರಾದವನು ಉತ್ತರ ಕೊಡಬಾರದು. ನಾನು ಕೊಟ್ಟೆ! ಎದ್ದು ನಿಂತು, ಅಂಗಿ ಕೊಡವಿಕೊಳ್ಳುತ್ತ, ಸಭ್ಯವಾಗಿ, "ಇದರ ಯಜಮಾನರು ಹೋದ್ರು..." ಎಂದೆ. "ಮಂಗಳೂರಿಗೆ, ಆಪರೇಶನ್ನಿಗೆ" ಎಂದು ಮುಂದೆ ಹೇಳುವುದಿತ್ತು. ಆದರೆ ಬಂಗಡೆ ತಲೆ ಮುಗಿದಿತ್ತು. ಡೀಸೆಲ್ ತಿರುಗಿ ಓಡಿತು. ವಾಕ್ಯದ ಉಳಿದ ಭಾಗವನ್ನು ನಾನು ಬೇಲಿಯಾಚೆ, ತೆರೆಗಳ ಸದ್ದಿಗೆ ಹೇಳಿದೆ.

ಮನೆಯಲ್ಲಿ ಶೈಲಾ ಒಳಗೆ ಬಿಟ್ಟುಕೊಳ್ಳಲಿಲ್ಲ. ಬಾವಿಕಟ್ಟೆಯಲ್ಲಿ ಆರು ಕೊಡ ನೀರು, ಅರ್ಧ ಸಾಬೂನು. ಶಾಲೆಗೆ ಹೋದರೆ ಮೊದಲ ಬೆಂಚಿನ ಹುಡುಗಿಯರು ಎರಡನೆಯ ಬೆಂಚಿಗೆ ಸರಿದು ಕೂತರು. ನಾನು ಅಂದೇ ತೀರ್ಮಾನಿಸಿದೆ: ನಾಳೆಯಿಂದ ಉತ್ತರಕ್ಕೆ ಹೋಗುವುದು. ವಿಠೋಬಣ್ಣ ದಾರಿ ಬದಲಿಸಬೇಡಿ ಎಂದದ್ದು ನೆನಪಿತ್ತು. ಪಾಪ, ಅವರಿಗೆ ಶಿಸ್ತಿನ ಕಲ್ಪನೆ ಇಲ್ಲ, ಆ ನಾಯಿಯೇ ಅವರನ್ನು ಮೀನಿಗಾಗಿ ಎಳೆದುಕೊಂಡು ಹೋಗುತ್ತಿದೆ ಎಂದುಕೊಂಡೆ. ಗಣಿತ ಓದಿದವನ ದೊಡ್ಡ ರೋಗ ಇದೇ. ಎರಡು ಸಂಗತಿ ಗೊತ್ತಾದರೆ ಮೂರನೆಯದನ್ನು ತಾನೇ ಕಂಡುಹಿಡಿದುಬಿಡುತ್ತಾನೆ!

ಮರುದಿನ ದಂಡೆಗೆ ಇಳಿದು ಉತ್ತರಕ್ಕೆ ತಿರುಗಿದೆ. ಡೀಸೆಲ್ ಕೂತುಬಿಟ್ಟಿತು. ಹಿಂದಿನ ದಿನ "ಸಿಟ್" ಎಂದಾಗ ಕೂರದ ನಾಯಿ, ಹೇಳದೇ ಕೂತಿತು. ಎಳೆದೆ. ಮರಳಿನಲ್ಲಿ ಗೆರೆ ಬಿತ್ತು, ನಾಯಿ ಏಳಲಿಲ್ಲ. ಕೊನೆಗೆ ಎತ್ತಿಕೊಂಡೆ. ಇಪ್ಪತ್ತು ಕಿಲೋ ನಾಯಿಯನ್ನು ಎದೆಗೆ ಅವಚಿಕೊಂಡು ಹೋಗುತ್ತಿದ್ದ ನನ್ನನ್ನು ನೋಡಿ, ಬಲೆ ಬಿಡಿಸುತ್ತಿದ್ದವರೊಬ್ಬರು ಕೇಳಿದರು: "ಮಾಸ್ತರೆ, ಯಾರು ಯಾರನ್ನ ತಿರ್ಗಾಡ್ಸೂದು?"

ಒಳ್ಳೆಯ ಉತ್ತರವೊಂದು ಹೊಳೆದಿತ್ತು. ಉಸಿರಿರಲಿಲ್ಲ.

ಮಾರನೆಯ ದಿನ ಬಿಸ್ಕತ್ತಿನ ಆಸೆ ತೋರಿಸಿದೆ. ನಾಲ್ಕನೆಯ ದಿನ ಡೀಸೆಲ್ ತಾನಾಗಿ ಉತ್ತರಕ್ಕೆ ನಡೆಯಿತು. ತಲೆ ತಗ್ಗಿಸಿಕೊಂಡು, ನನ್ನ ಎಡಗಾಲಿನ ಪಕ್ಕದಲ್ಲಿ, ಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ. ಶಿಕ್ಷಣ! ಸ್ಟಾಫ್ ರೂಮಿನಲ್ಲಿ ಅದರ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಪ್ರತಿ ದಿನ ದಂಡೆಗೆ ಇಳಿದ ಕೂಡಲೇ ಅದು ಒಮ್ಮೆ ದಕ್ಷಿಣದ ಕಡೆ ತಿರುಗಿ, ನೆಟ್ಟಗಿದ್ದ ಕಿವಿಯನ್ನು ಇನ್ನಷ್ಟು ನೆಟ್ಟಗೆ ಮಾಡಿ ನೋಡುತ್ತಿತ್ತು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದು ಮುಖ್ಯವೆಂದು ನನಗೆ ಅನಿಸಿರಲೇ ಇಲ್ಲ.

ಐದನೆಯ ದಿನ ಭಾನುವಾರ. ತಿರುಗಾಟ ಮುಗಿಸಿ ಬಂದು ಅಂಗಳದಲ್ಲಿ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದೆ. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದಕ್ಕೆ ನೊರೆ ಹಚ್ಚಿತ್ತು. ರಸ್ತೆಯಲ್ಲಿ ಗೋಳಾಟ ಕೇಳಿತು. ಹದಿನೈದಿಪ್ಪತ್ತು ಜನ ಬಂದು ವಿಠೋಬಣ್ಣನ ಬೀಗ ಹಾಕಿದ ಮನೆಯ ಮುಂದೆ ನಿಂತರು. ಮುಂದೆ ಇದ್ದವರು ಆ ತಾರ್ಲೆಯ ಹೆಂಗಸು. ಮೆಟ್ಟಿಲ ಮೇಲೆ ಕುಸಿದು ಕೂತು, ಬಾಗಿಲಿಗೆ ಹಣೆ ಚಚ್ಚಿಕೊಂಡು ಅಳುತ್ತಿದ್ದರು.

"ಅಣ್ಣಾ! ನನ್ನ ಮುಖ ನೋಡ್ದೇ ಹೋದ್ಯಾ ಅಣ್ಣಾ! ಹದ್ನಾಲ್ಕು ವರ್ಷ ಆಯ್ತಲ್ಲೋ, ಒಂದು ಮಾತು ಆಡ್ದೇ ಹೋದ್ಯಾ!"

ನಾನು ನೊರೆಯ ಸಮೇತ ಓಡಿದೆ. "ಏನಾಯ್ತು? ಯಾರು ಹೋದ್ರು?"

"ವಿಠೋಬಣ್ಣ ಹೋದ್ರು ಮಾಸ್ತರೆ," ಎಂದರು ಒಬ್ಬ ಹಿರಿಯರು. "ಇವ್ಳು ದೇವಕಿ, ಅವ್ರ ಒಡಹುಟ್ಟಿದ ತಂಗಿ."

 ಹದಿನೈದು ವರ್ಷದ ನೆರೆಯವರು. ಬೇರಿಂಗ್ ಹಾಕಿಸಿಕೊಂಡು ಬರುತ್ತೇನೆಂದು ಹೋದವರು! ನಾನೂ ಆ ಮೆಟ್ಟಿಲ ಮೇಲೆ ಕೂತೆ. ಅಳು ಬಂತು. ನಿಜವಾಗಿ ಅತ್ತೆ. ನೊರೆಯ ಮೇಲೆ ಕಣ್ಣೀರು ಇಳಿಯಿತು. ನನ್ನನ್ನು ನೋಡಿ ದೇವಕ್ಕ ಇನ್ನೂ ಜೋರಾಗಿ ಅತ್ತರು, ಅವರನ್ನು ನೋಡಿ ನಾನು.

ಶೈಲಾ ಬಂದಳು. "ಎಂತ ಆತು?"

"ವಿಠೋಬಣ್ಣ ಹೋಗಿಬಿಟ್ರು!"

"ನಿನ್ನೆ ಸಂಜೆ ಶಾಂತಕ್ಕ ಫೋನ್ ಮಾಡಿದ್ದು. ಎರಡು ಇಡ್ಲಿ ತಿಂದ, ಇನ್ನೂ ಎರಡು ಕೇಳ್ದ ಹೇಳಿದ್ದು. ಸುದ್ದಿ ಯಾರು ಹೇಳಿದ್ದು?"

"ಇವರು," ಎಂದು ಹಿರಿಯರನ್ನು ತೋರಿಸಿದೆ. ಹಿರಿಯರು ದೇವಕ್ಕನನ್ನು ತೋರಿಸಿದರು. ಶೈಲಾ ಅವರತ್ತ ಬಾಗಿ ಮೆಲ್ಲಗೆ ಕೇಳಿದಳು: "ನಿಮಗೆ ಯಾರು ಹೇಳಿದ್ರು ದೇವಕ್ಕ?"

ದೇವಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ಬೆರಳು ಮಾಡಿದರು. "ಈ ಮಾಸ್ತರೇ ಹೇಳಿದ್ದು! ಯಜಮಾನ್ರು ಹೋದ್ರು ಅಂದ್ರು. ಅದ್ರ ಹಿಂದಿನ ದಿನ ಅಣ್ಣನ್ನ ಗಾಡಿಲಿ ಮಲ್ಗಿಸ್ಕಂಡು ಹೋದ್ರು ಅಂತ ಕೇಳಿದ್ದೆ. ಆದ್ರೂ ನಂಬ್ಲಿಲ್ಲ. ನಾಯಿ ಬಂದ್ರೆ ಅಣ್ಣ ಇದ್ದ ಅಂತ ಲೆಕ್ಕ. ನಾಳೆ ಬರ್ತದೆ, ನಾಳೆ ಬರ್ತದೆ ಅಂತ ಕಾದೆ. ನಾಯೀನೂ ಬರ್ಲಿಲ್ಲ..."

 ಎಲ್ಲರೂ ನನ್ನನ್ನು ನೋಡಿದರು. ನಾನೇ ಹುಟ್ಟಿಸಿದ ಸಾವಿನ ಸುದ್ದಿಗೆ ನಾನೇ ಅರ್ಧ ಗಡ್ಡದಲ್ಲಿ ಕೂತು ಅತ್ತಿದ್ದೆ. ಭೂಮಿ ಬಾಯಿ ಬಿಡಲಿಲ್ಲ. ಕೇಣಿಯ ಭೂಮಿ ಬರೀ ಮರಳು. ಅದಕ್ಕೆ ಬಾಯಿ ಬಿಡಲೂ ಬರುವುದಿಲ್ಲ.

ಶೈಲಾ ಎಲ್ಲರನ್ನೂ ನಮ್ಮ ಮನೆಯೊಳಗೆ ಕರೆದಳು. ಚೀಟಿ ಹುಡುಕಿ ಫೋನು ತಿರುಗಿಸಿದಳು. ಅಳಿಯ ಎತ್ತಿಕೊಂಡ. ವಿಷಯವೇನೂ ಹೇಳದೆ, ಫೋನನ್ನು ಮಾವನಿಗೆ ಕೊಡು ಎಂದಳು. ಆಗ ನನಗೆ ಒಂದು ಮಹಾ ಯೋಚನೆ ಹೊಳೆಯಿತು. ಅವಳ ಕೈಯಿಂದ ರಿಸೀವರ್ ಕಿತ್ತುಕೊಂಡು ದೇವಕ್ಕನ ಕೈಗೆ ಕೊಟ್ಟೆ. "ಮಾತಾಡಿ! ನಿಮ್ಮಣ್ಣ!"

"ಹಲೋ... ಯಾರು? ಮಾಸ್ತರಾ?" ವಿಠೋಬಣ್ಣನ ಇಂಜಿನ್ ಧ್ವನಿ ಕೋಣೆಗೆಲ್ಲ ಕೇಳುತ್ತಿತ್ತು. ಒಮ್ಮೆ ಕೆಮ್ಮಿದರು. "ಹಲೋ?"

ದೇವಕ್ಕ ಎರಡೂ ಕೈಯಿಂದ ರಿಸೀವರ್ ಹಿಡಿದು ಕಿವಿಗೊತ್ತಿಕೊಂಡರು.  ಇಪ್ಪತ್ತು ಜನ ಅವರ ಬಾಯನ್ನೇ ನೋಡುತ್ತಿದ್ದರು. ನಾನಂತೂ ಮುಖದ ಹತ್ತಿರ ಹೋಗಿ ನೋಡುತ್ತಿದ್ದೆ. ಅವರು ರಿಸೀವರನ್ನು ಮೇಜಿನ ಮೇಲೆ, ತತ್ತಿ ಇಟ್ಟಂತೆ ಮೆಲ್ಲಗೆ ಇಟ್ಟರು. ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಕಂಬಕ್ಕೆ ಕಟ್ಟಿದ್ದ ಡೀಸೆಲ್ ಹತ್ತಿರ ಒಂದು ಕ್ಷಣ ನಿಂತರು.

"ನೀನಾದ್ರೂ ಯಾಕೆ ಬರ್ಲಿಲ್ಲ?"

ಡೀಸೆಲ್ ನನ್ನನ್ನು ನೋಡಿತು.

ಇಲ್ಲಿಗೆ ನಾನು ಸುಮ್ಮನಾಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತೋ ಏನೋ. ಆದರೆ ರಿಸೀವರ್ ಮೇಜಿನ ಮೇಲೆ ಇನ್ನೂ "ಹಲೋ" ಅನ್ನುತ್ತಿತ್ತು. ಎತ್ತಿಕೊಂಡೆ. ಸತ್ತರೆಂದು ನಾನು ಅತ್ತಿದ್ದ ಮನುಷ್ಯ ಬದುಕಿದ್ದಾರೆಂಬ ಸಂತೋಷದಲ್ಲಿ ಎಲ್ಲವನ್ನೂ ಹೇಳಿದೆ. ನಿಮ್ಮ ತಂಗಿ ಬಂದಿದ್ದರು, ಬಾಗಿಲಿಗೆ ತಲೆ ಚಚ್ಚಿಕೊಂಡರು, ಅಣ್ಣಾ ಅಂತ ಎಷ್ಟು ಅತ್ತರು ಗೊತ್ತಾ!

 ಆ ಕಡೆಯಿಂದ ಒಂದೇ ಪ್ರಶ್ನೆ: "ಎಲ್ಲರ ಎದ್ರಿಗಾ?"

"ಇಡೀ ಕೇಣಿ ನೋಡ್ತು ವಿಠೋಬಣ್ಣ!" ಎಂದೆ ಹೆಮ್ಮೆಯಿಂದ.

ಫೋನು ಕಟ್ಟಾಯಿತು. ಲೈನ್ ಹೋಯಿತೆಂದು ನಾನು ತಿಳಿದೆ.

ಮುಂದಿನ ಎರಡು ವಾರ ನಾನು ನೆಲದ ಮೇಲಿರಲಿಲ್ಲ. ಹದಿನಾಲ್ಕು ವರ್ಷ ಮಾತು ಬಿಟ್ಟ ಅಣ್ಣ-ತಂಗಿಯನ್ನು ಒಂದು ಮಾಡುವ ಯೋಗ ನನಗೆ ಬಂದಿದೆ! ಚಹದಂಗಡಿಯಲ್ಲಿ ಹೇಳಿದೆ. ಬಸ್ಸಿನಲ್ಲಿ ಹೇಳಿದೆ. ದೇವಕ್ಕ ರಿಸೀವರನ್ನು ಹೇಗೆ ಹಿಡಿದಿದ್ದರು ಎಂಬುದನ್ನು ಸ್ಟಾಫ್ ರೂಮಿನಲ್ಲಿ ಡಸ್ಟರ್ ಹಿಡಿದು ಮಾಡಿ ತೋರಿಸಿದೆ. ಡೀಸೆಲ್‌ನನ್ನು ಮತ್ತೆ ದಕ್ಷಿಣಕ್ಕೆ ಕರೆದೊಯ್ಯಲು ಮಾತ್ರ ನಾಚಿಕೆಯಾಯಿತು, ಉತ್ತರಕ್ಕೇ ನಡೆಸಿದೆ.

ವಿಠೋಬಣ್ಣ ಎರಡು ಊರುಗೋಲಿನ ಮೇಲೆ ಮರಳಿ ಬಂದರು. ಬಂದು ನಾಲ್ಕನೆಯ ದಿನಕ್ಕೆ ನಾನು ಊಟ ಇಟ್ಟುಕೊಂಡೆ. ಹೋಳಿಗೆ! ವಿಠೋಬಣ್ಣನ ಮನೆಗೆ ಹೋಗಿ, ನಿಮ್ಮ ಆರೋಗ್ಯಕ್ಕಾಗಿ ಊಟ ಎಂದೆ. ತೆಂಗಿನ ಮರಗಳ ಕೆಳಗಿನ ಮನೆಗೆ ಹೋಗಿ, ತಾರ್ಲೆ ಹಾಳು ಮಾಡಿದ್ದಕ್ಕೆ ತಪ್ಪುಕಾಣಿಕೆಯ ಊಟ ಎಂದು ದೇವಕ್ಕನನ್ನು ಕರೆದೆ. ಒಬ್ಬರು ಬರುವುದು ಇನ್ನೊಬ್ಬರಿಗೆ ಗೊತ್ತಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು, ಏಕೆಂದರೆ ನಾನೇ ಹೇಳಿದ್ದೆ.

"ಬ್ಯಾಡ," ಎಂದಳು ಶೈಲಾ, ಕಣಕ ನಾದುತ್ತ. "ಕರೆವದಾದ್ರೆ ಇಬ್ಬರಿಗೂ ಹೇಳಿಯೇ ಕರೆಯವು. ಹಿಂಗೆ ಕದ್ದು ಮಾಡದು ಚಂದ ಅಲ್ಲ."

"ನಿಂಗೆ ಮನುಷ್ಯರ ಮನಸ್ಸು ಗೊತ್ತಿಲ್ಲೆ," ಎಂದೆ.

ಮಧ್ಯಾಹ್ನ ಒಂದು ಗಂಟೆ. ವಿಠೋಬಣ್ಣ ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು, ಡೀಸೆಲ್ ಅವರ ಪಕ್ಕದಲ್ಲಿ. ರಸ್ತೆಯ ಆಚೆ ಚಹದಂಗಡಿಯ ಜನವೆಲ್ಲ ಏನೋ ಕೆಲಸವಿದ್ದವರಂತೆ ಬಂದು ನಿಂತಿದ್ದರು. ದೇವಕ್ಕ ಹೊಸ ಸೀರೆ ಉಟ್ಟು, ಕೈಯಲ್ಲಿ ಅಬ್ಬಲಿಗೆ ಹೂವಿನ ಪೊಟ್ಟಣ ಹಿಡಿದು ಗೇಟಿನ ಹತ್ತಿರ ಬಂದರು. ಜಗಲಿಯನ್ನು ನೋಡಿದರು. ರಸ್ತೆಯ ಆಚೆಯ ಜನವನ್ನು ನೋಡಿದರು. ಯಾರೋ ಒಬ್ಬ ನಕ್ಕ. ಇನ್ನೊಬ್ಬ, "ಈಗ ಅಳ್ತಾಳೆ ನೋಡು," ಎಂದ.

ದೇವಕ್ಕ ಹೂವಿನ ಪೊಟ್ಟಣವನ್ನು ಗೇಟಿನ ಕಂಬದ ಮೇಲಿಟ್ಟು ತಿರುಗಿ ಹೊರಟುಹೋದರು. ವಿಠೋಬಣ್ಣ ಊರುಗೋಲು ತೆಗೆದುಕೊಂಡು ಎದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! "ನೀವು ಕಲ್ತವ್ರು ಮಾಸ್ತರೆ," ಎಂದಷ್ಟೇ ಹೇಳಿ ಇಳಿದುಹೋದರು.

ಮನೆಯಲ್ಲಿ ನಲವತ್ತು ಹೋಳಿಗೆ, ತಿನ್ನುವವರು ಇಬ್ಬರು. ಒಬ್ಬನಿಗೆ ಸಕ್ಕರೆ ಕಾಯಿಲೆ.

ಸಂಜೆ ಶಾಂತಕ್ಕ ಬಂದರು. ಶೈಲಾ ಅವರಿಗಾಗಿ ಹೋಳಿಗೆ ಕಟ್ಟುತ್ತಿದ್ದಂತೆ ಬಾಗಿಲಿಗೆ ಒರಗಿ ನಿಂತು ಹೇಳಿದರು: "ಹದ್ನಾಲ್ಕು ವರ್ಷದ ಹಿಂದೆ ದೇವಕಿ ಮಗಳ ಮದುವೆ ಆಯ್ತು. ಕರಿಯೂಕೆ ಅವ್ಳೇ ಬರ್ಲಿಲ್ಲ, ಕಾರ್ಡು ಬೇರೆಯವ್ರ ಕೈಲಿ ಕಳ್ಸಿದ್ಳು. ಇವ್ರು ಹಟಕ್ಕೆ ಹೋಗ್ಲಿಲ್ಲ. ಸೋದರಮಾವ ನಿಲ್ಲೂ ಜಾಗ್ದಲ್ಲಿ ಬೇರೆಯವ್ರು ನಿಂತ್ರು. ಅಷ್ಟೇ ಮಾಸ್ತರೆ, ಮತ್ತೆಂತಾ ಇಲ್ಲ. ಅಲ್ಲಿಂದ ಮಾತಿಲ್ಲ. ಆಮೇಲೆ ಈ ನಾಯಿ ಬಂತು. ದಿನಾ ಬೆಳಿಗ್ಗೆ ಇದು ಅವ್ಳ ಅಂಗಳಕ್ಕೆ ಹೋಗೂದು. ಇವ್ರು ಅಲ್ಲೇ ಬೇಲಿಯಾಚೆ ದೋಣಿ ಹತ್ರ ನಿಂತು, ಸಮುದ್ರದ ಕಡೆ ಮುಖ ಮಾಡಿ ಒಂದು ಬೀಡಿ ಎಳ್ಯೂದು. ಅವ್ಳು ನಾಯಿಗೆ ಹೇಳೂದು, ಕೆಮ್ಮು ಜಾಸ್ತಿ ಆಯ್ತು, ಬೀಡಿ ಕಮ್ಮಿ ಮಾಡೂಕೆ ಹೇಳು ಅಂತ. ಇವ್ರು ನಾಯಿಗೆ ಹೇಳೂದು, ಮಳೆ ಬರೂ ಮೊದ್ಲು ಮನೆ ಮಾಡಿಗೆ ಸೋಗೆ ಹೊದೆಸಿ ಆಯ್ತಾ ಕೇಳು ಅಂತ. ಬೀಡಿ ಮುಗಿದ್ರೆ ಮಾತೂ ಮುಗೀತು."

"ಇದೆಲ್ಲ ಊರಿಗೆ ಗೊತ್ತಿತ್ತಾ?" ಎಂದೆ.

"ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡ್ಲಿಲ್ಲ. ಬಾಯಿ ಬಿಡ್ದೇ ಇದ್ದದ್ಕೇ ಅದು ನಡೀತಿತ್ತು."

ಹದಿನೈದು ವರ್ಷ ಕೇಣಿಯಲ್ಲಿದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಮೊದಲೇ ಅದನ್ನು ಮುಗಿಸಿದವನೂ ನಾನೊಬ್ಬನೇ.

ಇನ್ನೊಂದು ತಿಂಗಳಿಗೆ ವಿಠೋಬಣ್ಣ ಒಂದೇ ಕೋಲಿನಲ್ಲಿ ದಂಡೆಗೆ ಇಳಿಯುವಂತಾದರು. ನಾನು ಅಂಗಳದಿಂದ ನೋಡುತ್ತಿದ್ದೆ. ಮರಳಿನ ಮೇಲೆ ಒಂದು ಗಳಿಗೆ ನಿಂತರು. ಡೀಸೆಲ್ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಓಡಿ ತಿರುಗಿ ನೋಡಿತು. ವಿಠೋಬಣ್ಣ ಉತ್ತರಕ್ಕೆ ನಡೆದರು. ನಾಯಿ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಎದ್ದು, ತಲೆ ತಗ್ಗಿಸಿಕೊಂಡು ಅವರ ಎಡಗಾಲಿನ ಪಕ್ಕಕ್ಕೆ ಬಂತು. ಅಷ್ಟು ಚೆನ್ನಾಗಿ ನಡೆಯಲು ಅದಕ್ಕೆ ಕಲಿಸಿದವನು ನಾನೇ. ಆ ದಿನ ನನಗೆ ಚಹ ಸೇರಲಿಲ್ಲ.

ಮರುದಿನ ಒಬ್ಬನೇ ದೇವಕ್ಕನ ಮನೆಗೆ ಹೋದೆ. ಈ ಸಲ ಬೇಲಿ ಮುರಿಯದೆ, ದಾಟಲೆಂದೇ ಇಟ್ಟ ದಣಪೆ ದಾಟಿ, ಕಾಲ ಮೇಲೆ ನಿಂತುಕೊಂಡು. "ತಪ್ಪಾಯ್ತು ದೇವಕ್ಕ," ಎಂದೆ.

ಅವರು ಮೀನು ಮಗುಚಿ ಹಾಕುವುದನ್ನು ನಿಲ್ಲಿಸಲಿಲ್ಲ. "ಸತ್ತ ಸುದ್ದಿ ತಂದ್ರಿ, ಅದಕ್ಕೆ ಸಿಟ್ಟಿಲ್ಲ ಮಾಸ್ತರೆ. ಬಾಯಿ ತಪ್ತದೆ. ನಾನು ಅತ್ತದ್ದನ್ನ ಮನೆ ಮನೆಗೆ ಹಂಚಿದ್ರಿ ನೋಡಿ, ಅದು... ಈಗ ಅಣ್ಣ ಈ ಕಡೆ ಬಂದ್ರೆ ಜನ ನೋಡೂಕೆ ನಿಲ್ತಾರೆ. ಅವ ಹ್ಯಾಂಗೆ ಬರ್ತ? ನಾ ಹ್ಯಾಂಗೆ ತಲೆ ಎತ್ತಲಿ?"

 ತಿರುಗಿ ಹೊರಟೆ. ದಣಪೆ ದಾಟುವಾಗ ಹಿಂದಿನಿಂದ ಕರೆದರು. ಕರಟದಲ್ಲಿದ್ದ ಬಂಗಡೆ ತಲೆಯನ್ನು ಬಾಳೆಲೆಯಲ್ಲಿ ಸುತ್ತಿ ನನ್ನ ಮುಂದೆ ಹಿಡಿದರು. "ನಾಯಿಗೆ."

ಏಳು ತಲೆಮಾರನ್ನು ಮನಸ್ಸಿನಲ್ಲೇ ಕ್ಷಮೆ ಕೇಳಿ ಕೈ ಚಾಚಿದೆ.

"ಮತ್ತೆ, ಅದರ ಕಾಲು ನೋವು ಹ್ಯಾಂಗದೆ ಅಂತ ಕೇಳಿ."

"ಡೀಸೆಲ್‌ಗೆ ಕಾಲು ನೋವೇ ಇಲ್ಲವಲ್ಲ ದೇವಕ್ಕ," ಎಂದೆ. ದೇವಕ್ಕ ನನ್ನನ್ನು ನೋಡುತ್ತ ಕಾದರು. ಗಣಿತದ ಮಾಸ್ತರನಿಗೆ ಆ ಲೆಕ್ಕ ಬಿಡಿಸಲು ಅರ್ಧ ನಿಮಿಷ ಬೇಕಾಯಿತು.

ಅಂದಿನಿಂದ ಇದು ನನ್ನ ಕೆಲಸ. ಬೆಳಿಗ್ಗೆ ದಂಡೆಗುಂಟ ದಕ್ಷಿಣಕ್ಕೆ ನಡೆಯುತ್ತೇನೆ, ಬಾಳೆಲೆಯ ಪೊಟ್ಟಣವನ್ನು ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡು ಮರಳುತ್ತೇನೆ. ವಿಠೋಬಣ್ಣ ಜಗಲಿಯಲ್ಲಿ ಕೂತಿರುತ್ತಾರೆ. ನಾನು ಡೀಸೆಲ್ ಮುಂದೆ ಪೊಟ್ಟಣ ಬಿಚ್ಚಿಟ್ಟು, ಕಾಲು ನೋವು ಹೇಗಿದೆ ಎಂದು ಡೀಸೆಲ್‌ನನ್ನೇ ಕೇಳುತ್ತೇನೆ. ಉತ್ತರವನ್ನು ವಿಠೋಬಣ್ಣ ಡೀಸೆಲ್‌ಗೇ ಹೇಳುತ್ತಾರೆ, ಮರುದಿನ ನಾನು ಅದನ್ನು ದಕ್ಷಿಣಕ್ಕೆ ಒಯ್ಯುತ್ತೇನೆ. ಇಷ್ಟಾದರೂ ಇದು ಮೊದಲಿನ ಹಾಗಲ್ಲ. ಮೊ‍ದಲು ತಂಗಿ ಅಣ್ಣನ ಬೆನ್ನನ್ನು ನೋಡುತ್ತಿದ್ದರು, ಕೆಮ್ಮು ಕೇಳುತ್ತಿದ್ದರು; ಅವರ ಮಾತು ಅಣ್ಣನ ಕಿವಿಗೆ ಬೀಳುತ್ತಿತ್ತು. ಈಗ ನಡುವೆ ನಾನಿದ್ದೇನೆ.

ಮೊನ್ನೆ ಒಂದು ದಿನ ನನ್ನ ಕೈಯಲ್ಲಿ ತಡೆಯಲಾಗಲಿಲ್ಲ. "ವಿಠೋಬಣ್ಣ, ಜನ ಏನಾದ್ರೂ ಅಂದ್ಕೊಳ್ಳಲಿ. ಒಂದು ಸಲ ನೀವೇ ಹೋಗಿ ಬರಬಾರದಾ?" ಎಂದೆ.

 ಅವರು ಕಾಲ ಬುಡದಲ್ಲಿದ್ದ ನಾಯಿಗೆ ಹೇಳಿದರು: "ಡೀಸೆಲ್, ಬಾಯಿ ಮುಚ್ಕಂಡು ಕೆಲ್ಸ ಮಾಡೂದು ಹ್ಯಾಂಗೆ ಅಂತ ಈ ಮಾಸ್ತರಿಗೆ ಸ್ವಲ್ಪ ಕಲ್ಸು ಮಾರಾಯ."

ಡೀಸೆಲ್ ಬಂಗಡೆ ತಲೆಯಿಂದ ಮುಖವೆತ್ತಿ ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿತು. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ಪರೀಕ್ಷೆಗೆ ಎಂಟು ದಿನ ಇರುವಾಗ ಹಿಂದಿನ ಬೆಂಚಿನ ಕೆಲವು ಹುಡುಗರನ್ನು ನಾನು ನೋಡುವುದು ಹಾಗೆಯೇ. ಆಮೇಲೆ ಅದು ನಿಟ್ಟುಸಿರು ಬಿಟ್ಟು, ನನ್ನ ಕಡೆ ಬೆನ್ನು ಹಾಕಿ ಮಲಗಿತು.